ಹೆರಿಗೆ ಚೀಲದಲ್ಲಿ ತಿನ್ನೋಕೆ ಏನಿಡಬೇಕು? ವಾಪಸು ಬಂದ ಚೀಲಗಳು ನನಗೆ ಕಲಿಸಿದ್ದು

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. 2010ರಿಂದ ಇದೇ ಕೆಲಸ. ತಾಯಿ ಕಾರ್ಡ್ ಮಾಡಿಸುವುದರಿಂದ ಹಿಡಿದು, ಬೇನೆ ಬಂದ ರಾತ್ರಿ 108ಕ್ಕೆ ಫೋನ್ ಮಾಡಿ, ಜೊತೆಯಲ್ಲಿ ಕೂತು ಆಸ್ಪತ್ರೆಗೆ ಹೋಗಿ, ಬಾಣಂತಿ ಮನೆಗೆ ಬಂದ ಮೇಲೆ ಮತ್ತೆ ಹೋಗಿ ನೋಡಿಕೊಂಡು ಬರುವವರೆಗೂ ನನ್ನ ಓಡಾಟ. ಕೆಲವರನ್ನು ತಾಲ್ಲೂಕು ಆಸ್ಪತ್ರೆಗೆ, ಕೆಲವರನ್ನು ಮಂಡ್ಯದ ದೊಡ್ಡಾಸ್ಪತ್ರೆ ಮಿಮ್ಸ್‌ಗೆ, ಕಷ್ಟದ ಕೇಸಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ.

ಮೂರನೇ ದಿನ, ಏಳನೇ ದಿನ ಅಂತ ಬಾಣಂತಿಯ ಮನೆಗೆ ಹೋಗುವುದು ನಮ್ಮ ಕೆಲಸದ ಭಾಗ. ಕೂಸಿನ ತೂಕ, ಹೊಕ್ಕುಳು, ತಾಯಿಯ ಮೈ ಬಿಸಿ ಎಲ್ಲ ನೋಡಿದ ಮೇಲೆ ನಾನು ಇನ್ನೊಂದು ಮಾತು ಕೇಳುತ್ತೇನೆ: ‘ಆಸ್ಪತ್ರೆಗೆ ತಗೊಂಡೋಗಿದ್ದ ತಿಂಡಿ ಚೀಲ ಎಲ್ಲಿ?’ ಸಾಮಾನ್ಯವಾಗಿ ಅದು ಮಂಚದ ಕೆಳಗೆ ಬಿಚ್ಚದೆ ಬಿದ್ದಿರುತ್ತದೆ. ತೆಗೆದು ಎಲ್ಲವನ್ನೂ ಹೊರಗೆ ಇಡಿಸುತ್ತೇನೆ. ಚಕ್ಕುಲಿ ಡಬ್ಬಿ ಹೋದ ಹಾಗೇ ಬಂದಿರುತ್ತದೆ, ಒಳಗೆ ಪುಡಿಪುಡಿ. ಬೆಲ್ಲದ ಪೊಟ್ಟಣಕ್ಕೆ ಇರುವೆ. ಚಿಪ್ಸ್ ಪ್ಯಾಕೆಟ್ಟು ಒಡೆದೇ ಇಲ್ಲ. ಖರ್ಜೂರ ಖಾಲಿ, ಹುರಿಗಡಲೆ ಖಾಲಿ. ಹೀಗೆ ಎಷ್ಟೋ ಚೀಲ ನೋಡಿ ನೋಡಿ, ಬಸುರಿ ಮನೆಗಳಿಗೆ ಹೋದಾಗ ಏನಿಡಿ, ಏನು ಬೇಡ ಅಂತ ಧೈರ್ಯವಾಗಿ ಹೇಳುವುದನ್ನು ಕಲಿತೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಈ ಅಭ್ಯಾಸ ಶುರುವಾದದ್ದು ಒಂದು ರಾತ್ರಿಯಿಂದ. ಇಪ್ಪತ್ತೊಂದು ವರ್ಷದ ಹುಡುಗಿ, ಚೊಚ್ಚಲು ಹೆರಿಗೆ. ಮಧ್ಯಾಹ್ನ ಬಂದ ಬೇನೆ ರಾತ್ರಿಯೆಲ್ಲ ಎಳೆದು, 3 ಗಂಟೆ 20 ನಿಮಿಷಕ್ಕೆ ಹೆಣ್ಣು ಮಗು. ಎಲ್ಲ ಮುಗಿದು ಅವಳನ್ನು ವಾರ್ಡಿಗೆ ತಂದು ಮಲಗಿಸಿದಾಗ ಕೂಸು ಎದೆಯ ಮೇಲಿತ್ತು. ಅವಳು ನನ್ನ ಕೈ ಹಿಡಿದುಕೊಂಡು, ‘ಅಕ್ಕ, ಹೊಟ್ಟೆ ಹಸೀತಾ ಐತೆ ಕಣಕ್ಕ, ಏನಾರ ಇದ್ರೆ ಕೊಡಕ್ಕ’ ಅಂದಳು. ಸಿಸ್ಟರನ್ನು ಕೇಳಿದೆ, ತಿನ್ನಬಹುದು ಅಂದರು. ಚೀಲ ಬಿಚ್ಚಿದೆ. ಒಂದು ಕೇಜಿ ಮೈಸೂರು ಪಾಕು, ನೆಂಟರಿಗೆ ಹಂಚಲು. ನಿಪ್ಪಟ್ಟು, ಚಕ್ಕುಲಿ. ಆಲೂಗಡ್ಡೆ ಚಿಪ್ಸು. ನಿಂಬೆ ಉಪ್ಪಿನಕಾಯಿ. ಕೂಸಿಗೆ ನೆಕ್ಕಿಸಲು ಒಂದು ಜೇನುತುಪ್ಪದ ಬಾಟಲಿ. ಹೆತ್ತವಳು ಆ ಹೊತ್ತಿನಲ್ಲಿ ತಿನ್ನುವಂಥದ್ದು ಒಂದೂ ಇರಲಿಲ್ಲ. ಗಂಡ ಓಡಿಹೋಗಿ ಬಸ್ ಸ್ಟ್ಯಾಂಡ್ ಕಡೆಯಿಂದ ಒಂದು ಪ್ಯಾಕೆಟ್ ಬನ್ನು ತಂದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಕೈಗೆ ಕೊಟ್ಟೆ. ಒಂದು ತುತ್ತು ಕಚ್ಚಿ, ಬನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು. ಅವಳ ಬೆರಳಿನಿಂದ ಆ ಬನ್ನು ಬಿಡಿಸಿಕೊಂಡದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮೊದಲು ಕೇಳಿ, ಆಮೇಲೆ ಕಟ್ಟಿ

ಕೊನೆಯ ತಿಂಗಳ ಚೆಕಪ್ಪಿಗೆ ಹೋದಾಗ ಡಾಕ್ಟರನ್ನು ನೇರವಾಗಿ ಕೇಳಿ: ‘ನೋವು ಶುರುವಾದ ಮೇಲೆ ನಾನು ಏನು ತಿನ್ನಬಹುದು, ಏನು ಕುಡಿಯಬಹುದು? ಎಲ್ಲಿವರೆಗೆ?’ ಇದನ್ನು ಕೇಳಲು ನಾಚಿಕೆ ಬೇಡ. ಯಾವ ತೊಂದರೆಯೂ ಇಲ್ಲದ ಸಾಮಾನ್ಯ ಹೆರಿಗೆಯಲ್ಲಿ ನೋವಿನ ಹೊತ್ತಿನಲ್ಲೂ ತಾಯಿ ಬಯಸಿದರೆ ನೀರು, ಹಗುರವಾದ ಆಹಾರ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಸಲಹೆಗಳಲ್ಲಿ ಹೇಳಿದೆ. ಆದರೆ ಬಿಪಿ ಹೆಚ್ಚಿದ್ದರೆ, ಅವಳಿ ಇದ್ದರೆ, ಹಿಂದಿನದು ಸಿಸೇರಿಯನ್ ಆಗಿದ್ದರೆ, ಮಗುವಿನ ಎದೆಬಡಿತದಲ್ಲಿ ಏರುಪೇರು ಕಂಡರೆ ಡಾಕ್ಟರು ಬೇಡ ಅನ್ನಬಹುದು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ನಿಮ್ಮ ಲೆಕ್ಕ ನಿಮ್ಮ ಡಾಕ್ಟರಿಗೆ ಗೊತ್ತು.

ಬೇಡ ಅಂದಾಗ ಯಾಕೆ ಬೇಡ ಅನ್ನುವುದು ತಿಳಿದಿದ್ದರೆ ಮನೆಯವರು ಕದ್ದು ತಿನ್ನಿಸುವುದಿಲ್ಲ. ಬೇನೆ ಜೋರಾದ ಮೇಲೆ ಹೊಟ್ಟೆಯಲ್ಲಿ ಆಹಾರ ಕರಗುವುದು ನಿಧಾನ. ಆ ಹೊತ್ತಿನಲ್ಲಿ ದಿಢೀರ್ ಅಂತ ಆಪರೇಷನ್ ಬಂದು, ಪ್ರಜ್ಞೆ ತಪ್ಪಿಸುವ ಅರಿವಳಿಕೆ ಕೊಡಬೇಕಾದರೆ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಪ್ರಾಣಕ್ಕೆ ಕುತ್ತು. ಅದಕ್ಕೇ ಮುಂಚೆಯೇ ದಿನ ಗೊತ್ತುಮಾಡಿದ ಸಿಸೇರಿಯನ್ನಿಗೆ ಸಾಮಾನ್ಯವಾಗಿ 6 ಗಂಟೆ ಮುಂಚಿನಿಂದ ಗಟ್ಟಿ ಆಹಾರ ನಿಲ್ಲಿಸುತ್ತಾರೆ. ಎಣ್ಣೆ, ತುಪ್ಪದ್ದಾದರೆ 8 ಗಂಟೆ. ತಿಳಿ ನೀರನ್ನು 2 ಗಂಟೆ ಮುಂಚಿನವರೆಗೂ ಬಿಡುವವರಿದ್ದಾರೆ. ಹಾಲು, ಹಾಲು ಹಾಕಿದ ಕಾಫಿ ‘ಬರೀ ನೀರಿನ ಪದಾರ್ಥ’ ಅಂತ ಕುಡಿಸಬೇಡಿ, ಅದು ಗಟ್ಟಿ ಆಹಾರದ ಲೆಕ್ಕಕ್ಕೇ ಬರುತ್ತದೆ.

ಇದು ನನ್ನ ಮೈಮೇಲೆಯೇ ಬಂದದ್ದು. ನನ್ನ ಮೊದಲ ಹೆರಿಗೆ ಸಿಸೇರಿಯನ್. ಬೆಳಿಗ್ಗೆಯಿಂದ ಏನೂ ತಿನ್ನಬೇಡ ಅಂದಿದ್ದರು. ನಮ್ಮವ್ವನಿಗೆ ಕರುಳು ಕೇಳಲಿಲ್ಲ. ‘ಬರೀ ಹೊಟ್ಟೇಲಿ ಅಂಗೆ ಎಂಗ್ ಹೆರ್ತೀಯೆ’ ಅಂತ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಎರಡು ಇಡ್ಲಿ ತಿನ್ನಿಸಿಬಿಟ್ಟಳು. ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಡಾಕ್ಟರು ಕೇಳಿದಾಗ ನಾನು ನಿಜ ಹೇಳಿದೆ. ಅವರು ಬಯ್ಯಲಿಲ್ಲ, ಆಪರೇಷನ್ ಮುಂದಕ್ಕೆ ಹಾಕಿದರು. ಆರು ಗಂಟೆ ಹೊತ್ತು ಅವ್ವ ಕಾರಿಡಾರಿನಲ್ಲಿ ಕೂತು ಅತ್ತಳು. ಮಗುವಿಗೆ ಏನೂ ತೊಂದರೆ ಇರಲಿಲ್ಲವಾದ್ದರಿಂದ ಕಾಯಲು ಸಾಧ್ಯವಾಯಿತು. ಅರ್ಜೆಂಟ್ ಇದ್ದಿದ್ದರೆ? ದಯವಿಟ್ಟು, ತಿಂದಿದ್ದರೆ ತಿಂದೆ ಅಂತ ಹೇಳಿ. ಎಷ್ಟು ಗಂಟೆಗೆ, ಏನು, ಎಷ್ಟು ಅಂತಲೂ ಹೇಳಿ.

ಒಂದು ಚೀಲವಲ್ಲ, ಮೂರು ಪುಟ್ಟ ಚೀಲ

ಬಟ್ಟೆಯ ದೊಡ್ಡ ಬ್ಯಾಗಿನೊಳಗೆ ತಿಂಡಿ ತುರುಕಬೇಡಿ. ದೊಡ್ಡ ಬ್ಯಾಗು ಹೊರಗೆ ಗಂಡನ ಕಾಲ ಕೆಳಗಿರುತ್ತದೆ, ಒಳಗಿರುವವಳಿಗೆ ಬೇಕಾದದ್ದು ಅದರ ತಳದಲ್ಲಿರುತ್ತದೆ. ನಾನು ಮೂರು ಬಟ್ಟೆ ಚೀಲ ಮಾಡಿಸುತ್ತೇನೆ: ನೋವಿನ ಹೊತ್ತಿಗೆ ಒಂದು, ಹೆತ್ತ ಮೇಲೆ ಒಂದು, ಜೊತೆಯಲ್ಲಿರುವವರಿಗೆ ಒಂದು. ಬೇರೆ ಬೇರೆ ಬಣ್ಣದ್ದಾದರೆ ಕತ್ತಲಲ್ಲಿ ಹುಡುಕುವುದು ಸುಲಭ.

ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ತಕ್ಷಣ, ಅಂದರೆ 36 ವಾರಕ್ಕೆ, ಒಣ ಪದಾರ್ಥ ಕಟ್ಟಿಡಿ. ಅದಕ್ಕಿಂತ ಮುಂಚೆ ಕಟ್ಟಿದರೆ ಕಡಲೆಬೀಜ, ಕೊಬ್ಬರಿ ಕಮಟು ಹಿಡಿಯುತ್ತವೆ. ಎರಡು ವಾರಕ್ಕೊಮ್ಮೆ ಬಿಚ್ಚಿ ಮೂಸಿ ನೋಡಿ, ಬೇಕಾದರೆ ಬದಲಾಯಿಸಿ.

ಎಷ್ಟು ಇಡಬೇಕು? ಇಲ್ಲಿ ಎಲ್ಲರೂ ಜಾಸ್ತಿ ಇಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ, ಅದು 2011ರಿಂದ ಇದೆ, ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನದವರೆಗೆ ತಾಯಿಗೆ ಉಚಿತ ಊಟ ಇದೆ. ಹಾಗಾಗಿ ಊಟದ ಲೆಕ್ಕದಲ್ಲಿ ತುಂಬಬೇಡಿ. ಊಟ ಬರುವ ಹೊತ್ತು ಗೊತ್ತಿರುತ್ತದೆ, ಮಗು ಬರುವ ಹೊತ್ತು ಗೊತ್ತಿರುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗಿನ ಆ ಹೊತ್ತಿಗೆ, ಹೊರಗೆ ಅಂಗಡಿ ಮುಚ್ಚಿರುವ ಹೊತ್ತಿಗೆ ಸಾಕಾಗುವಷ್ಟು ಇದ್ದರೆ ಆಯಿತು. ಅದರ ಎರಡರಷ್ಟು ಇಟ್ಟುಕೊಳ್ಳಿ, ಹೆಚ್ಚು ಬೇಡ.

ನೋವಿನ ಹೊತ್ತಿನ ಚೀಲ

ಚೊಚ್ಚಲು ಹೆರಿಗೆ ನಿಧಾನ. ಗರ್ಭದ ಬಾಯಿ 5 ಸೆಂಟಿಮೀಟರ್ ತೆರೆದು ನೋವು ಹಿಡಿತಕ್ಕೆ ಬಂದ ಮೇಲೂ ಮೊದಲ ಹೆರಿಗೆಗೆ 12 ಗಂಟೆವರೆಗೆ, ಆಮೇಲಿನವಕ್ಕೆ 10 ಗಂಟೆವರೆಗೆ ಆಗಬಹುದು. ಅದಕ್ಕೂ ಮುಂಚಿನ ಸಣ್ಣ ನೋವಿನ ಹೊತ್ತು ಇನ್ನೂ ಉದ್ದ, ಅದು ಬಹಳಷ್ಟು ಮನೆಯಲ್ಲೇ ಕಳೆಯುತ್ತದೆ. ಡಾಕ್ಟರು ಬೇಡ ಅಂದಿಲ್ಲವಾದರೆ, ಸರಿಯಾಗಿ ತಿನ್ನುವ ಹೊತ್ತು ಅದೇ: ಒಂದೆರಡು ಇಡ್ಲಿ, ಮೊಸರನ್ನ, ತೆಳ್ಳಗಿನ ರಾಗಿ ಅಂಬಲಿ. ಮುದ್ದೆ, ಉಪ್ಪುಸಾರು, ಬಾಡು ಆ ಹೊತ್ತಿಗೆ ಭಾರ. ಆಸ್ಪತ್ರೆ ಸೇರಿದ ಮೇಲೆ ಅವಳಾಗಿ ಕೇಳುವುದು ಬಹಳ ಕಡಿಮೆ. ಗುಟುಕು ನೀರು, ಒಂದು ಚೂರು ಏನಾದರೂ.

ಹಾಗಾಗಿ ಈ ಚೀಲ ಅಂಗೈಯಗಲ ಇದ್ದರೆ ಸಾಕು. ಕಲ್ಲುಸಕ್ಕರೆಯ ಸಣ್ಣ ಚೂರು. ಉಸಿರು ಬಿಟ್ಟು ಬಿಟ್ಟು ಬಾಯಿ ಒಣಗಿದಾಗ ನೋವಿನ ನಡುವಿನ ಬಿಡುವಿನಲ್ಲಿ ನಾಲಗೆ ಮೇಲಿಡಲು. ದೊಡ್ಡ ಪೆಪ್ಪರ್‌ಮೆಂಟ್ ಬೇಡ, ನೋವು ಬಂದಾಗ ಗಂಟಲಿಗೆ ಇಳಿದೀತು. ನಾಲ್ಕೈದು ಒಣದ್ರಾಕ್ಷಿ, ಬೀಜ ತೆಗೆದ ಖರ್ಜೂರ. ಬೀಜವನ್ನು ಮನೆಯಲ್ಲೇ ತೆಗೆದು ಎರಡು ಸೀಳು ಮಾಡಿ ಇಡಿ, ಅಲ್ಲಿ ಅವಳ ಬಾಯಿಂದ ಬೀಜ ತೆಗೆಯುತ್ತಾ ಕೂರಲು ಆಗುವುದಿಲ್ಲ. ಎರಡು ರಸ್ಕು. ಎರಡು ಏಲಕ್ಕಿ ಬಾಳೆಹಣ್ಣು, ಅದನ್ನು ಹೊರಡುವಾಗ ಸೇರಿಸಿ. ನಂಜನಗೂಡು ರಸಬಾಳೆ ಸಿಕ್ಕರೆ ರುಚಿಯೇನೋ ಹೆಚ್ಚು, ಆದರೆ ಚೀಲದಲ್ಲಿ ಬೇಗ ಮೆತ್ತಗಾಗುತ್ತದೆ, ಅದು ಮನೆಗೆ ಬಂದ ಮೇಲೆ ತಿನ್ನುವ ಹಣ್ಣು.

ಮುಖ್ಯವಾದದ್ದು ನೀರು. ಬಾಟಲಿ ಬಾಯಿಗೆ ಎತ್ತಿ ಕುಡಿಯುವ ಸ್ಥಿತಿಯಲ್ಲಿ ಅವಳು ಇರುವುದಿಲ್ಲ. ಮಗ್ಗುಲಾಗಿ ಮಲಗಿದ್ದವಳಿಗೆ ಲೋಟದಲ್ಲಿ ಕೊಟ್ಟರೆ ಕತ್ತು, ದಿಂಬು ಎಲ್ಲ ನೆನೆಯುತ್ತದೆ. ಬಗ್ಗಿಸಬಹುದಾದ ಸ್ಟ್ರಾ ನಾಲ್ಕು ಇಡಿ, ಐದು ರೂಪಾಯಿಯ ವಸ್ತು. ಈ ಬರಹದಲ್ಲಿ ಒಂದೇ ಒಂದು ವಸ್ತುವನ್ನು ನೆನಪಿಡುತ್ತೀರಾ ಅಂದರೆ ಈ ಸ್ಟ್ರಾವನ್ನು ನೆನಪಿಡಿ ಅನ್ನುತ್ತೇನೆ.

ಎಳನೀರು ಒಳ್ಳೆಯದೇ. ನಮ್ಮ ಮದ್ದೂರಿನಿಂದ ಊರೂರಿಗೆ ಲಾರಿ ಲಾರಿ ಎಳನೀರು ಹೋಗುವಾಗ ನಮ್ಮ ಹೆಣ್ಣುಮಕ್ಕಳಿಗೆ ಅದು ಇಲ್ಲದೇ ಇದ್ದೀತೇ. ಆದರೆ ಮನೆಯಿಂದ ಬಾಟಲಿಗೆ ತುಂಬಿಕೊಂಡು ಹೋಗಬೇಡಿ, ಸೆಕೆಗೆ ಬೇಗ ಹುಳಿಯಾಗುತ್ತದೆ. ಆಸ್ಪತ್ರೆ ಮುಂದೆಯೇ ಕೆತ್ತಿಸಿ, ಶುದ್ಧವಾದ ಬಾಟಲಿಗೆ ಬಗ್ಗಿಸಿಕೊಂಡು ಆಗಲೇ ಕುಡಿಸಿ. ಓಆರ್‌ಎಸ್ ಇಡುವುದಾದರೆ ಮೆಡಿಕಲ್ ಅಂಗಡಿಯ ಪುಡಿ ಪ್ಯಾಕೆಟ್ ಇಡಿ, ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಬೆರೆಸಿ. ಹಣ್ಣಿನ ರುಚಿಯ, ರಟ್ಟಿನ ಡಬ್ಬಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ.

ವಾಸನೆಯ ಬಗ್ಗೆ ಒಂದು ಮಾತು. ನೋವಿನಲ್ಲಿರುವವಳ ಮೂಗು ನಮ್ಮ ಮೂಗಿನ ಹಾಗಿರುವುದಿಲ್ಲ. ಬೆಳ್ಳುಳ್ಳಿ ಒಗ್ಗರಣೆ, ಕರಿದ ಎಣ್ಣೆ, ಉಪ್ಪಿನಕಾಯಿ ಯಾವುದರ ಡಬ್ಬಿಯನ್ನೂ ಅವಳ ಮಗ್ಗುಲಲ್ಲಿ ಬಿಚ್ಚಬೇಡಿ. ಒಮ್ಮೆ ಅಕ್ಕರೆಯಿಂದ ಮದ್ದೂರು ವಡೆ ತಂದು ಪಕ್ಕದಲ್ಲೇ ಕೂತು ತಿನ್ನುತ್ತಿದ್ದ ಅತ್ತಿಗೆಯನ್ನು ನಾನೇ ಹೊರಗೆ ಕಳಿಸಿದ್ದೇನೆ. ವಡೆ ತಿನ್ನಬೇಕು, ಹೊರಗೆ ಬೆಂಚಿನ ಮೇಲೆ.

ಹಿರಿಯರು ‘ನೋವು ಬೇಗ ಬರ್ಲಿ’ ಅಂತ ಹರಳೆಣ್ಣೆ ಬಾಟಲಿ, ಯಾವುದೋ ಬೇರಿನ ಕಷಾಯ ಸೇರಿಸುತ್ತಾರೆ. ಅದನ್ನು ತೆಗೆದುಬಿಡಿ. ಹರಳೆಣ್ಣೆಯಿಂದ ಭೇದಿ, ವಾಂತಿ ಆಗಿ ಸುಸ್ತಾಗಿ ಬಂದವರನ್ನು ನೋಡಿದ್ದೇನೆ.

ಹೆತ್ತ ಮೇಲಿನ ಚೀಲ

ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಜನ ಮರೆಯುವುದು. ಮಗು ಹುಟ್ಟಿದ ಮೇಲೆ ಬರುವ ಹಸಿವು ಬೇರೆ ಯಾವ ಹಸಿವಿನ ಹಾಗೂ ಇರುವುದಿಲ್ಲ. ಕೂಸು ಎದೆಗೆ ಕಚ್ಚಿರುತ್ತದೆ, ಒಂದು ಕೈ ಕೂಸಿನ ಕೆಳಗೆ. ಉಳಿದಿರುವ ಒಂದೇ ಕೈಯಲ್ಲಿ, ಮಲಗಿಕೊಂಡೋ ಒರಗಿಕೊಂಡೋ ತಿನ್ನುವಂತಿರಬೇಕು. ಉದುರಬಾರದು, ಹರಿಯಬಾರದು, ಹಲ್ಲಿಗೆ ಕಷ್ಟ ಆಗಬಾರದು. ಏನಿಡುವುದಾದರೂ ಮನೆಯಲ್ಲಿ ಒಮ್ಮೆ ಮಲಗಿಕೊಂಡು ಎಡಗೈಯಲ್ಲಿ ತಿಂದು ನೋಡಿ. ಆಗುತ್ತದೆ ಅಂದರೆ ಚೀಲಕ್ಕೆ ಹಾಕಿ.

ನನ್ನ ಪಟ್ಟಿಯಲ್ಲಿ ಮೊದಲನೆಯದು ರಾಗಿ ಹುರಿಹಿಟ್ಟು. ಒಲೆ ಬೇಡ, ಬೇಯಿಸಬೇಕಾಗಿಲ್ಲ, ಫ್ಲಾಸ್ಕಿನಲ್ಲಿ ಬಿಸಿನೀರಿದ್ದರೆ ಸಾಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಹಾಲುಣಿಸುವ ತಾಯಿಗೆ ಬೇಕಾದದ್ದೇ ಅದು. ಇಂಡಾಫ್ ಅನ್ನುವ ರಾಗಿ ತಳಿಗಳನ್ನು ಕೊಟ್ಟು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ವಿಜ್ಞಾನಿ ದುಡಿದದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ. ಅಂಥ ಊರಿನ ಹೆಣ್ಣುಮಕ್ಕಳ ಚೀಲದಲ್ಲಿ ರಾಗಿಯ ಬದಲು ಚಿಪ್ಸ್ ಇರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಒಂದು ಸೇರು ರಾಗಿಯನ್ನು ಕಲ್ಲು ಆರಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಹಳೆಯ ಹತ್ತಿ ಪಂಚೆಯ ಮೇಲೆ ನೆರಳಿನಲ್ಲಿ ಹರಡಿ. ಮುಟ್ಟಿದರೆ ಕಾಳು ಬೆರಳಿಗೆ ಅಂಟಬಾರದು, ಒಳಗೆ ಮಾತ್ರ ತೇವ ಇರಬೇಕು. ಆ ಹದ ತಪ್ಪಿ ಪೂರಾ ಒಣಗಿದರೆ ಅರಳುವುದಿಲ್ಲ, ಹಸಿಯಿದ್ದರೆ ಸೀಯುತ್ತದೆ. ದಪ್ಪ ತಳದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಬಿಡದೆ ಕೈಯಾಡಿಸಿ. ಮೊದಲು ಚಟಚಟ ಸದ್ದು, ಆಮೇಲೆ ಕೆಂಪು ಕಾಳೆಲ್ಲ ಬಿಳಿ ಹೂವಾಗಿ ಮೇಲಕ್ಕೆ ಹಾರುತ್ತದೆ. ಸದ್ದು ನಿಂತ ತಕ್ಷಣ ಮೊರಕ್ಕೆ ಸುರಿಯಿರಿ, ಇನ್ನೊಂದು ಕ್ಷಣ ಬಿಟ್ಟರೆ ಕಹಿ. ಪೂರಾ ಆರಿದ ಮೇಲೆ ಒಂದು ಪಾವು ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ಮಿಲ್ಲಿಗೆ ಹಾಕಿಸಿ. ಖಾರದಪುಡಿ ಬೀಸಿದ ಮೇಲೆ ಹಾಕಿಸಬೇಡಿ, ಮಿಲ್ಲಿನವರಿಗೆ ಮೊದಲೇ ಹೇಳಿಡಿ. ಮನೆಗೆ ತಂದು ಜರಡಿ ಹಿಡಿದು ಒಣ ಡಬ್ಬಿಯಲ್ಲಿ ಮುಚ್ಚಿಡಿ.

ಚೀಲಕ್ಕೆ ಇಡುವಾಗ ಪೂರ್ತಿ ಡಬ್ಬಿ ಬೇಡ. ಮೂರು ಚಮಚ ಹಿಟ್ಟು, ಒಂದು ಚಮಚ ಪುಡಿ ಬೆಲ್ಲ ಹೀಗೆ ಒಂದೊಂದು ಸಲಕ್ಕೆ ಆಗುವಷ್ಟನ್ನು ಸಣ್ಣ ಜಿಪ್ ಕವರಿನಲ್ಲಿ ಕಟ್ಟಿ, ಆರು ಕವರು ಇಡಿ. ಲೋಟಕ್ಕೆ ಸುರಿದು, ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಬಿಸಿನೀರು ಬಿಟ್ಟು ತಿರುಗಿಸಿದರೆ ಅರ್ಧ ನಿಮಿಷದ ಕೆಲಸ. ಗಂಡಸರಿಗೂ ಬರುತ್ತದೆ. ಮುಂಚೆಯೇ ಒಮ್ಮೆ ಮನೆಯಲ್ಲಿ ಗಂಡನ ಕೈಲಿ ಮಾಡಿಸಿ ನೋಡಿ.

ಆಮೇಲೆ ಉಂಡೆಗಳು. ತಂಬಿಟ್ಟು, ರವೆ ಉಂಡೆ, ಎಳ್ಳುಂಡೆ, ಕಡಲೆಬೀಜದ ಉಂಡೆ ಯಾವುದಾದರೂ ಆಗಬಹುದು, ಗಾತ್ರ ಮಾತ್ರ ನೆಲ್ಲಿಕಾಯಷ್ಟಿರಲಿ. ನಮ್ಮಲ್ಲಿ ಮುಷ್ಟಿ ಗಾತ್ರದ ಉಂಡೆ ಕಟ್ಟುವುದು ಅಭ್ಯಾಸ. ಅರ್ಧ ಕಚ್ಚಿ ಉಳಿದರ್ಧವನ್ನು ಎಲ್ಲಿಡುವುದು ಅಂತ ಬಾಣಂತಿ ಒದ್ದಾಡುತ್ತಾಳೆ. ಒಂದೇ ತುತ್ತಿನದ್ದು ಮಾಡಿ. ಗಟ್ಟಿ ಪಾಕದ ಕಡಲೆ ಮಿಠಾಯಿ ಹಲ್ಲಿಗೆ ಕಷ್ಟ. ಹುರಿಗಡಲೆ, ಕೊಬ್ಬರಿ ಚೂರು, ಮಂಡ್ಯದ ಬೆಲ್ಲ ಈ ಮೂರನ್ನು ಬೆರೆಸಿ ಒಂದು ಡಬ್ಬಿ ಇಡಿ, ವಾಪಸು ಬಂದ ಚೀಲಗಳಲ್ಲಿ ಅದು ಖಾಲಿಯಾಗಿಯೇ ಬಂದಿರುತ್ತದೆ. ಬೆಳಗಾದ ಮೇಲೆ ಮನೆಯಿಂದ ಬರುವವರು ಆಗಲೇ ಬೇಯಿಸಿದ ಎರಡು ಮೊಟ್ಟೆ, ಬಿಸಿ ಇಡ್ಲಿ ತರಲಿ. ಮೊಟ್ಟೆಯನ್ನು ಹಿಂದಿನ ದಿನವೇ ಬೇಯಿಸಿ ಚೀಲದಲ್ಲಿಡಬೇಡಿ. ಚೆಲುವಾಂಬದಲ್ಲಿದ್ದರೆ ದೇವರಾಜ ಮಾರುಕಟ್ಟೆ ನಡೆದು ಹೋಗುವ ದೂರ, ಹಣ್ಣನ್ನು ಅಲ್ಲೇ ದಿನದ್ದು ದಿನ ತರಬಹುದು.

ಸಿಸೇರಿಯನ್ ಆದವರಿಗೆ ಈ ಚೀಲ ತಡವಾಗಿ ತೆರೆಯುತ್ತದೆ. ಮೊದಲು ಗುಟುಕು ನೀರು, ಆಮೇಲೆ ಗಂಜಿ, ಆಮೇಲೆ ಇಡ್ಲಿ, ಅಂತ ಸಿಸ್ಟರ್ ಹೇಳುವ ಹಾಗೇ ನಡೆಯಲಿ. ಅವರು ‘ಗ್ಯಾಸ್ ಹೋಯ್ತಾ’ ಅಂತ ಕೇಳಿದರೆ ನಾಚಿಕೊಳ್ಳದೆ ಹೇಳಿ. ಮೊದಲೆರಡು ದಿನ ಕಡಲೆ, ಮೈದಾ, ಕರಿದದ್ದು ಬೇಡ. ಹೊಟ್ಟೆ ಉಬ್ಬಿ ಹೊಲಿಗೆ ಎಳೆಯುತ್ತದೆ.

ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದವರ ಚೀಲ ಬೇರೆಯೇ. ಕಲ್ಲುಸಕ್ಕರೆ, ಖರ್ಜೂರ, ಬೆಲ್ಲದ ಉಂಡೆ ಯಾವುದನ್ನೂ ನಿಮ್ಮಷ್ಟಕ್ಕೆ ಕೊಡಬೇಡಿ. ಹುರಿಗಡಲೆ, ಹುರಿದ ಕಡಲೆಬೀಜ, ಬೆಲ್ಲವಿಲ್ಲದ ಹುರಿಹಿಟ್ಟನ್ನು ಉಪ್ಪು ಮಜ್ಜಿಗೆಯಲ್ಲಿ ಕದಡಿದ್ದು, ಇವನ್ನೂ ಡಾಕ್ಟರನ್ನು ಕೇಳಿ ಇಡಿ. ಆಸ್ಪತ್ರೆಯಲ್ಲಿ ಆಗಾಗ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಏನು ತಿಂದಿರಿ ಅಂತ ಕೇಳಿದರೆ ಸರಿಯಾಗಿ ಹೇಳುವಂತಿರಬೇಕು.

ಹಿರಿಯರ ಜೊತೆ ನಾನು ಹೆಚ್ಚು ಮಾತಾಡಬೇಕಾಗಿ ಬರುವುದು ನೀರಿನ ವಿಷಯಕ್ಕೆ. ‘ಬಾಣಂತಿ ನೀರು ಜಾಸ್ತಿ ಕುಡುದ್ರೆ ಹೊಟ್ಟೆ ಬರ್ತದೆ’ ಅಂತ ಲೋಟದಲ್ಲಿ ಅಳೆದು ಕೊಡುತ್ತಾರೆ. ಹೊಟ್ಟೆ ದಪ್ಪಗಿರುವುದು ಗರ್ಭಕೋಶ ಇನ್ನೂ ಕುಗ್ಗುತ್ತಿರುವುದರಿಂದ, ಹಿಗ್ಗಿದ್ದ ಹೊಟ್ಟೆಯ ಸ್ನಾಯು ಸಡಿಲವಾಗಿರುವುದರಿಂದ. ನೀರು ಕಮ್ಮಿಯಾದರೆ ಮಲ ಗಟ್ಟಿಯಾಗಿ, ಹೊಲಿಗೆ ಇರುವವಳು ಪಡುವ ಪಾಡು ಹೇಳತೀರದು. ಬಿಸಿನೀರೇ ಆಗಲಿ, ಜೀರಿಗೆ ನೀರೇ ಆಗಲಿ, ಬಾಯಾರಿದಾಗೆಲ್ಲ ಕೊಡಿ. ಪ್ರತಿ ಸಲ ಹಾಲುಣಿಸುವಾಗ ಒಂದು ಲೋಟ ಕೈಗೆ ಸಿಗುವಂತೆ ಇಡಿ. ಬಾಳೆಹಣ್ಣು ತಿಂದರೆ ಕೂಸಿಗೆ ಶೀತ ಅನ್ನುತ್ತಾರೆ. ತಾಯಿ ತಿಂದ ಬಾಳೆಹಣ್ಣಿನಿಂದ ಕೂಸಿಗೆ ನೆಗಡಿ ಬರುವುದಿಲ್ಲ, ಮಲಬದ್ಧತೆಗೆ ಅದು ಒಳ್ಳೆಯದು. ಅವ್ವಂದಿರ ಜೊತೆ ಜಗಳ ಬೇಡ, ಡಾಕ್ಟರು ರೌಂಡ್ಸಿಗೆ ಬಂದಾಗ ಅವರ ಮುಂದೆಯೇ ಕೇಳಿಸಿ.

ಕಬ್ಬಿಣಾಂಶದ ಮಾತ್ರೆ ಹೆರಿಗೆ ಆದ ಮೇಲೂ 180 ದಿನ ನುಂಗಬೇಕು. ಅದನ್ನು ಟೀ, ಕಾಫಿ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಇವು ಕಬ್ಬಿಣಾಂಶವನ್ನು ಸರಿಯಾಗಿ ಮೈಗೆ ಹಿಡಿಯಲು ಬಿಡುವುದಿಲ್ಲ.

ಕೂಸಿಗಾಗಿ ತಿನ್ನುವ ಕುಡಿಯುವ ಯಾವುದನ್ನೂ ಇಡಬೇಡಿ. ಜೇನುತುಪ್ಪ ಬೇಡ, ಸಕ್ಕರೆ ನೀರು ಬೇಡ, ಹಸುವಿನ ಹಾಲು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯ, ಅದರಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಮಗುವಿನ ನರಗಳಿಗೇ ಪೆಟ್ಟು ಬೀಳಬಹುದು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು, ಆರು ತಿಂಗಳವರೆಗೆ ಅದೊಂದೇ. ಆ ರಾತ್ರಿ ನಾನು ಚೀಲದಿಂದ ತೆಗೆದ ಜೇನಿನ ಬಾಟಲಿಯನ್ನು ಅಜ್ಜಿಯ ಕೈಗೆ ಕೊಟ್ಟು, ನೀವು ಬಿಸಿನೀರಿಗೆ ಹಾಕಿ ಕುಡೀರಿ ಅಂದೆ.

ಜೊತೆಯಲ್ಲಿ ಕೂತವರಿಗೆ

ನಾಲ್ಕು ವರ್ಷದ ಹಿಂದೆ ಒಬ್ಬರು ತಾಯಿ ಮಗಳ ಜೊತೆ ಬಂದಿದ್ದರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಆಮೇಲೆ ಏನೂ ತಿನ್ನದೆ ‘ಮಗಳು ಹೆರ್ಲಿ ಆಮೇಲೆ ಉಣ್ತೀನಿ’ ಅಂತ ಲೇಬರ್ ವಾರ್ಡಿನ ಬಾಗಿಲಲ್ಲೇ ಕೂತಿದ್ದರು. ಮಧ್ಯಾಹ್ನ ಮೂರಕ್ಕೆ ಮೈಯೆಲ್ಲ ಬೆವೆತು ಗೋಡೆಗೆ ಒರಗಿ ಕುಸಿದರು. ಸಕ್ಕರೆ ಇಳಿದುಹೋಗಿತ್ತು. ಪ್ರಜ್ಞೆ ಇತ್ತು, ನುಂಗಲು ಆಗುತ್ತಿತ್ತು. ನನ್ನ ಚೀಲದಲ್ಲಿದ್ದ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸುವಷ್ಟರಲ್ಲಿ ಸಿಸ್ಟರ್ ಓಡಿಬಂದರು. ಒಳಗೆ ಮಗಳು ‘ಅವ್ವ ಎಲ್ಲಿ, ಅವ್ವ ಎಲ್ಲಿ’ ಅಂತ ಕೂಗುತ್ತಿದ್ದಳು. ಆ ಕೂಗಿಗೆ ಉತ್ತರ ಕೊಡುವವರು ಗಟ್ಟಿಯಾಗಿರಬೇಕು.

ಹಾಗಾಗಿ ಮೂರನೆಯ ಚೀಲವನ್ನು ಮನಸ್ಸಿಟ್ಟು ಕಟ್ಟಿ. ಚಪಾತಿ ಪಲ್ಯ, ಪುಳಿಯೋಗರೆ ಅಂತ ಮೊದಲ ಹೊತ್ತಿನ ಊಟ. ಒಗ್ಗರಣೆ ಹಾಕಿದ ಕಡ್ಲೆಪುರಿ, ಬಿಸ್ಕತ್ತು, ಎರಡು ಬಾಳೆಹಣ್ಣು. ಚಕ್ಕುಲಿ, ನಿಪ್ಪಟ್ಟು ಇಡಲೇಬೇಕು ಅಂತಿದ್ದರೆ ಅದರ ಜಾಗ ಇದೇ. ಅವರ ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕಾಗುವಷ್ಟು. ಟೀಗೆ ಚಿಲ್ಲರೆ. ಸರದಿಯಂತೆ ಹೊರಗೆ ಹೋಗಿ ಉಂಡು ಬರಲಿ. ಉಪವಾಸ ಕೂತರೆ ಹೆರಿಗೆ ಸುಸೂತ್ರ ಆಗುತ್ತದೆ ಅಂತ ಹರಕೆ ಹೊರುವ ಅತ್ತೆಯಂದಿರಿದ್ದಾರೆ. ಅವರ ಭಕ್ತಿಗೆ ಕೈಮುಗಿದು ಹೇಳುತ್ತೇನೆ, ಹರಕೆ ಮನೆಗೆ ಬಂದ ಮೇಲೆ ತೀರಿಸಿ.

ಕಟ್ಟುವ ರೀತಿ

ಸ್ಟೀಲ್ ಡಬ್ಬಿ ಬೇಡ. ರಾತ್ರಿ ಎರಡಕ್ಕೆ ವಾರ್ಡಿನಲ್ಲಿ ಅದರ ಮುಚ್ಚಳ ಬಿದ್ದರೆ ಅಷ್ಟೂ ಕೂಸುಗಳು ಎದ್ದು ಅಳುತ್ತವೆ. ಬಿಗಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು, ಇರುವೆಗೂ ಅದೇ ತಡೆ. ಪ್ರತಿ ಡಬ್ಬಿಯ ಮೇಲೆ ಪಟ್ಟಿ ಅಂಟಿಸಿ ಏನಿದೆ, ಯಾವತ್ತು ಮಾಡಿದ್ದು ಅಂತ ಬರೆಯಿರಿ. ಗಾಬರಿಯಲ್ಲಿರುವ ಗಂಡನಿಗೆ ಎಳ್ಳುಂಡೆ ಯಾವುದು, ಲೇಹ್ಯದ ಉಂಡೆ ಯಾವುದು ತಿಳಿಯುವುದಿಲ್ಲ. ಒಂದು ಲೋಟ, ಎರಡು ಚಮಚ, ಕೈ ತೊಳೆಯಲು ಸೋಪು, ಎರಡು ಸಣ್ಣ ಟವೆಲ್ಲು, ಸಿಪ್ಪೆ ಹಾಕಲು ಖಾಲಿ ಕವರು. ಫ್ಲಾಸ್ಕನ್ನು ಮುಂಚೆಯೇ ಪರೀಕ್ಷೆ ಮಾಡಿ: ರಾತ್ರಿ ಬಿಸಿನೀರು ತುಂಬಿಟ್ಟು ಬೆಳಿಗ್ಗೆ ನೋಡಿ, ಬಿಸಿ ಇದೆಯಾ ಅಂತ. ಅಟ್ಟದ ಮೇಲಿನ ಹಳೆಯ ಫ್ಲಾಸ್ಕುಗಳು ಬಹಳ ಸಲ ಕೈಕೊಟ್ಟಿವೆ.

ಹೊರಡುವಾಗ ಸೇರಿಸಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ: ಬಾಳೆಹಣ್ಣು, ಕುಡಿಯುವ ನೀರು, ಫ್ಲಾಸ್ಕಿಗೆ ಬಿಸಿನೀರು, ಮಜ್ಜಿಗೆ, ಮಾತ್ರೆಗಳು, ತಾಯಿ ಕಾರ್ಡು. ಓದಲು ಬರದ ಅಜ್ಜಿ ಒಬ್ಬರೇ ಮನೆಯಲ್ಲಿರುತ್ತಾರೆ ಅಂದರೆ ಚೀಟಿಯಲ್ಲಿ ಚಿತ್ರ ಬರೆಯಿರಿ. ನಾನು ಹಾಗೆ ಬರೆದುಕೊಟ್ಟಿದ್ದೇನೆ, ಕೆಲಸ ಮಾಡಿದೆ.

ಹೋದ ತಿಂಗಳು ನಮ್ಮ ಬೀದಿಯ ಹುಡುಗಿಗೆ ಗಂಡು ಮಗು ಆಯಿತು, ನಡುರಾತ್ರಿ ದಾಟಿದ ಮೇಲೆ. ಮೂರನೇ ದಿನ ನೋಡಲು ಹೋದಾಗ ನಾನು ಕೇಳುವ ಮುಂಚೆಯೇ ಅವಳ ಅತ್ತೆ ಮೂರು ಚೀಲವನ್ನೂ ತಂದು ಜಗುಲಿಯ ಮೇಲಿಟ್ಟರು. ಒಂದರಲ್ಲಿ ನಾಲ್ಕು ಚೂರು ಕಲ್ಲುಸಕ್ಕರೆ ಉಳಿದಿತ್ತು, ಒಂದರಲ್ಲಿ ಅರ್ಧ ಪ್ಯಾಕೆಟ್ ಬಿಸ್ಕತ್ತು. ಹುರಿಹಿಟ್ಟಿನ ಆರು ಕವರೂ ಖಾಲಿ. ರಾತ್ರಿ ಎರಡೂವರೆಗೆ ಗಂಡನೇ ಕಲಸಿಕೊಟ್ಟನಂತೆ, ಅವಳು ಎರಡು ಲೋಟ ಕುಡಿದಳಂತೆ. ಅತ್ತೆ ಕೂಸನ್ನು ನನ್ನ ಕೈಗೆ ಕೊಡುತ್ತಾ ಕೇಳಿದರು: ‘ಇನ್ನೊಂದ್ ಸೇರು ರಾಗಿ ನೆನೆಹಾಕ್ಲಾ ಕಣವ್ವ? ಎದುರುಮನೆ ಹುಡ್ಗಿಗೂ ದಿನ ತುಂಬ್ತಾ ಐತಲ್ಲ.’